ಅಜ್ಜಯ್ಯನಿಗೆ ನಾನು ಕಲಿಸಿದ ಕ್ರಿಯಾಪದ

ಕಳೆದ ವಾರ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವದ ತಯಾರಿ ನಡೆಯುತ್ತಿತ್ತು. ಎಂಟನೇ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ, ಅದನ್ನೇ ಬಣ್ಣದ ಕೋಣೆ ಮಾಡಿದ್ದರು. ಮಕ್ಕಳಿಗೆ ಬಣ್ಣ ಹಚ್ಚಲು ಬಂದಿದ್ದವನು ಅಂಗೈಯಲ್ಲಿ ತೆಂಗಿನೆಣ್ಣೆ ಸುರಿದುಕೊಂಡು ಹಳದಿ ಪುಡಿ ಕಲಸುತ್ತಿದ್ದ. ಯಾರದೋ ಹೆಸರು ಕೂಗುತ್ತ ಒಳಗೆ ಹೊರಟವಳು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಣ್ಣೆ, ಬಣ್ಣದ ಪುಡಿ, ಬೆವರು, ಅವನ ಬಾಯಲ್ಲಿದ್ದ ಎಲೆಅಡಿಕೆ... ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂಗಬೇಕಿದ್ದ ಹೆಸರು ಮರೆತುಹೋಯಿತು.

"ಎಂತ ಮಿಸ್, ತಲೆ ತಿರ್ಗಿತಾ?" ಎಂದಳು ಜೊತೆಗಿದ್ದ ಟೀಚರು.

"ಸೆಕೆ ಮಾರಾಯ್ತಿ" ಎಂದೆ.

ಸೆಕೆಯಲ್ಲ. ಅಜ್ಜಯ್ಯ ನೆನಪಾಗಿದ್ದರು. ನೆನಪಾಗಿದ್ದರು ಎನ್ನುವುದೂ ಪೂರ್ತಿ ನಿಜವಲ್ಲ. ಅವರು ನೆನಪಾಗದ ಹಾಗೆ ನೋಡಿಕೊಳ್ಳಲು ನಾನು ಇಷ್ಟು ವರ್ಷ ಪಟ್ಟ ಪಾಡೆಲ್ಲ ಆ ಬಾಗಿಲಲ್ಲಿ ಕೈಕೊಟ್ಟಿತು, ಅಷ್ಟೆ.

ಆಗ ನಾವು ಕೋಟೇಶ್ವರದಲ್ಲಿ ಬಾಡಿಗೆಗಿದ್ದೆವು. ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಒಂದು ದಾಸವಾಳದ ಬೇಲಿ. ನನಗೆ ಅವರು ಸಂಬಂಧದಲ್ಲಿ ಏನೂ ಅಲ್ಲ. ಓಣಿಯವರೆಲ್ಲ ಅಜ್ಜಯ್ಯ ಎನ್ನುತ್ತಿದ್ದರು, ನಾನೂ ಅಂದೆ. ಹರೆಯದಿಂದ ಯಕ್ಷಗಾನ ಮೇಳದಲ್ಲಿ ವೇಷ ಕಟ್ಟಿದ ಆಸಾಮಿ. ಮೊಣಕಾಲು ಹಿಡಿದುಕೊಂಡ ಮೇಲೆ ಮೇಳ ಬಿಟ್ಟು, ಬಣ್ಣವಿಲ್ಲದೆ ಕೂತು ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ತಾಳಮದ್ದಲೆಗೆ ಮಾತ್ರ ಹೋಗುತ್ತಿದ್ದರು. ಯಕ್ಷಗಾನ ಕಂಡವರಿಗೆ ಗೊತ್ತು, ಅಲ್ಲಿ ಭಾಗವತರ ಪದ್ಯ ಮಾತ್ರ ಮೊದಲೇ ಇರುವುದು. ಮಾತು ಯಾರೂ ಬರೆದುಕೊಡುವುದಿಲ್ಲ. ಪದ್ಯ ಮುಗಿದ ಕೂಡಲೇ ವೇಷಧಾರಿ ತನ್ನ ಮಾತನ್ನು ತಾನೇ ಅಲ್ಲಿಯೇ ಕಟ್ಟಬೇಕು, ಎದುರಿನವನ ಮಾತಿಗೆ ಅಲ್ಲಿಯೇ ಉತ್ತರ ಕೊಡಬೇಕು. ಉತ್ತರ ಬಾರದೆ ನಿಂತರೆ ಅದಕ್ಕಿಂತ ದೊಡ್ಡ ಸೋಲಿಲ್ಲ. ಅಜ್ಜಯ್ಯ ಹಾಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ಬಹಳ ಸಾಧು ಮನುಷ್ಯ ಎಂದೇನೂ ಹೇಳಲಾರೆ. ಜಂಬ ಸಾಕಷ್ಟಿತ್ತು. ತಮ್ಮ ವೇಷದ ಸುದ್ದಿಯನ್ನು ತಾವೇ ಹೇಳಿಕೊಂಡು, ನಡುವೆ ತಾವೇ ತಲೆದೂಗುತ್ತಿದ್ದರು. ಮೀನು ತರುವ ಹೆಂಗಸಿನ ಜೊತೆ ಬಂಗುಡೆಯ ಕ್ರಯಕ್ಕೆ ವಾದಕ್ಕಿಳಿದರೆ ಓಣಿಯ ಅರ್ಧ ಜನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಆಕೆ ಕಡೆಗೆ ಸೋತು ನಕ್ಕು, "ಸಾಕ್ ಮಾರ್ರೆ, ನಿಮ್ಗೆ ಕೊಟ್ ಹೋಪುದೇ ಸೈ" ಎಂದು ಬುಟ್ಟಿ ಇಳಿಸುತ್ತಿದ್ದಳು.

ಅವರಿಗೆ ಇಂಗ್ಲಿಷೂ ಬರುತ್ತಿತ್ತು. ಬರುತ್ತಿತ್ತು ಎಂದರೆ ಬಾರದು, ಆದರೆ ಆಡುತ್ತಿದ್ದರು. ಮಳೆಗಾಲದಲ್ಲಿ ಮೇಳದವರ ಜೊತೆ ಮುಂಬಯಿಗೆ ಆಟಕ್ಕೆ ಹೋದಾಗ ಅಲ್ಲಿನ ಹೋಟೆಲುಗಳಲ್ಲಿ ಹೆಕ್ಕಿಕೊಂಡ ಇಂಗ್ಲಿಷ್ ಅದು. ನಾನು ಇಂಗ್ಲಿಷ್ ಟೀಚರೆಂದು ಗೊತ್ತಾದ ದಿನದಿಂದ ಬೇಲಿಯ ಆಚೆಯಿಂದ ಅದೇ ಭಾಷೆಯಲ್ಲಿ ಕೂಗುತ್ತಿದ್ದರು.

"ಹ್ವಾಯ್ ಟೀಚರ್! ಐ ಗೋಯಿಂಗ್ ಯೆಸ್ಟರ್ಡೇ ಉಡುಪಿ. ಬಸ್ ನೋ ಸ್ಟಾಪಿಂಗ್. ಐ ಶೌಟಿಂಗ್, ಶೌಟಿಂಗ್... ಡ್ರೈವರ್ ಸ್ಲೀಪಿಂಗ್!"

ನಿನ್ನೆ ನಡೆದದ್ದು, ನಾಳೆ ನಡೆಯುವುದು, ಎಲ್ಲಕ್ಕೂ ಅವರಲ್ಲಿ 'ಇಂಗ್' ಒಂದೇ. ನನಗೆ ನಗು ಬರುತ್ತಿತ್ತು, ಜೊತೆಗೆ ಹಲ್ಲಿನ ನಡುವೆ ಮರಳು ಸಿಕ್ಕಿದಂತೆಯೂ ಆಗುತ್ತಿತ್ತು. ನನ್ನ ಸ್ವಭಾವವೇ ಹಾಗೆ. ತಪ್ಪು ಕ್ರಿಯಾಪದ ಕೇಳಿದರೆ ನನ್ನ ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತದೆ. ಮಕ್ಕಳು ನನ್ನ ಬೆನ್ನ ಹಿಂದೆ 'ಬೆರಳು ಮಿಸ್' ಎನ್ನುತ್ತಾರೆಂದು ಗೊತ್ತಿತ್ತು. ಅದನ್ನೊಂದು ಹೆಗ್ಗಳಿಕೆ ಎಂದೇ ತಿಳಿದಿದ್ದೆ.

ಅವರ ಮಗ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು ಅದನ್ನು ಮುಚ್ಚಿ, ಹೆಮ್ಮಾಡಿಯಲ್ಲಿ ಹೆದ್ದಾರಿಯ ಬದಿಗೆ ಹೊಸ ಹೋಟೆಲು ತೆರೆದರು. ಹೆಂಡತಿ ಮಗಳ ಜೊತೆ ಊರ ಮನೆಗೇ ಬಂದು ಉಳಿದರು. ಮಗಳು, ಅಂದರೆ ಅಜ್ಜಯ್ಯನ ಮೊಮ್ಮಗಳು, ಆಗ ಇನ್ನೂ ಸಣ್ಣ ಹುಡುಗಿ. ಹಿಂದಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಕನ್ನಡವೆಂದರೆ ಊಟ, ನೀರು, ಬಾ, ಹೋಗು, ಅಷ್ಟೇ. ಅವಳನ್ನು ನಾನು ಕೆಲಸ ಮಾಡುತ್ತಿದ್ದ, ಬ್ರಹ್ಮಾವರದ ಕಡೆಯ ಇಂಗ್ಲಿಷ್ ಮೀಡಿಯಂ ಶಾಲೆಗೇ ಸೇರಿಸಿದರು. ಬೆಳಿಗ್ಗೆ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದೆವು.

ಅಜ್ಜಯ್ಯ ಅವಳನ್ನು ಒಂದು ತಾಳಮದ್ದಲೆಗೆ ಕರೆದುಕೊಂಡು ಹೋದರು. ಹುಡುಗಿ ಮೊದಲ ಪದ್ಯಕ್ಕೇ ನಿದ್ದೆ ಹೋದಳು. ಮರುದಿನ ಏನು ಅರ್ಥವಾಯಿತು ಎಂದು ಅವರು ಕೇಳಿದರೆ, ಪಾಪ, ನಿಜವನ್ನೇ ಹೇಳಿದಳು. ಅಜ್ಜಯ್ಯ ತುಂಬ ಸಿಟ್ಟು ಮಾಡಿದ್ದಾರೆ, ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಎಂದಳು. ಅವರು ನಕ್ಕುಬಿಟ್ಟರು. ಆದರೆ ಸಂಜೆ ಬೇಲಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಊರೆಲ್ಲ ನನ್ ಮಾತ್ ಕೇಂತ್ ಟೀಚರ್. ಮನಿ ಮಗುಗ್ ಮಾತ್ರ ಗೊತ್ತಾತಿಲ್ಲ" ಎಂದರು. ಅವರ ದನಿ ಹಾಗೆ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ನಮ್ಮ ಶಾಲೆಯವರಿಗೆ ವಾರ್ಷಿಕೋತ್ಸವದಲ್ಲಿ ಇಂಗ್ಲಿಷಿನಲ್ಲಿ ಯಕ್ಷಗಾನ ಆಡಿಸುವ ಹುಕಿ ಬಂತು. ಪದ್ಯ ಕನ್ನಡದಲ್ಲೇ, ಮಾತು ಇಂಗ್ಲಿಷಿನಲ್ಲಿ. ಚಂಡೆ, ಮದ್ದಲೆ, ವೇಷ ಎಲ್ಲ ಸರಿಯಾಗಿ ಇರಬೇಕು, ಮಕ್ಕಳಿಗೆ ಅರ್ಥವೂ ಆಗಬೇಕು. ಯುದ್ಧ ಬೇಡವೆಂದು ರಾಜನ ಸಭೆಗೆ ಸಂಧಾನಕ್ಕೆ ಬರುವ ದೂತನ ಕಥೆ ಎಂದಾಯಿತು. ರಾಜನ ವೇಷಕ್ಕೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಬ್ಯಾಂಕಿನ ಹುಡುಗನೊಬ್ಬ ಸಿಕ್ಕಿದ. ದೂತ ಯಾರು ಎಂಬ ಮಾತು ಬಂದಾಗ ಅಜ್ಜಯ್ಯನ ಹೆಸರು ಹೇಳಿದವಳು ನಾನೇ. ಅವರಿಗೆ ಸುದ್ದಿ ತಿಳಿಸಿದಾಗ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಮೊಮ್ಮಗ್ಳ್ ಕಾಂತಾಳಾ?" ಎಂದು ಅದೊಂದೇ ಕೇಳಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವರು ಪಾಠ ಹೇಳಿಕೊಡಿ ಎಂದು ಕೇಳಿರಲಿಲ್ಲ. "ಒಂಚೂರು ಗ್ರಾಮರ್ ಸರಿ ಮಾಡಿಕೊಳ್ಳುವಾ ಅಜ್ಜಯ್ಯ, ದೊಡ್ಡ ದೊಡ್ಡವರೆಲ್ಲ ಬರುತ್ತಾರೆ" ಎಂದು ನಾನೇ ಗಂಟುಬಿದ್ದೆ. ಅವರನ್ನು ನೋಡಿ ಜನ ನಗಬಾರದು ಎಂಬ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಕೂತು ಯೋಚಿಸಿದರೆ ಗೊತ್ತಾಗುತ್ತದೆ, ಭಯ ಇದ್ದದ್ದು ನನ್ನ ಬಗ್ಗೆ. ಇವರನ್ನು ಕರೆತಂದದ್ದು ಇಂಗ್ಲಿಷ್ ಮಿಸ್ಸಂತೆ, ಪಕ್ಕದ ಮನೆಯವರಂತೆ, ಆದರೂ ಇಂಥ ಇಂಗ್ಲಿಷಾ ಎಂದು ಯಾರಾದರೂ ಅಂದರೆ?

ಶಾಲೆಯಿಂದ ಬಂದು ಚಾ ಕುಡಿದು ಅವರ ಜಗಲಿಗೆ ಹೋಗುತ್ತಿದ್ದೆ. ಅವರು ಮಣೆಯ ಮೇಲೆ, ನಾನು ಕುರ್ಚಿಯ ಮೇಲೆ. ಒಳಗಿಂದ ಅವರ ಹೆಂಡತಿ ಇಣುಕುವುದು, ನಗುವುದು. ಅಂಥ ಶಿಷ್ಯ ನನಗೆ ಮತ್ತೆ ಸಿಕ್ಕಲಿಲ್ಲ. ಕ್ರಿಯಾಪದದ ಮೂರು ರೂಪ ಬಾಯಿಪಾಠ ಮಾಡಿ ಎಂದರೆ, ತಾಳ ಹಾಕಿಕೊಂಡು 'ಗೋ ವೆಂಟ್ ಗಾನ್, ಸೀ ಸಾ ಸೀನ್' ಎಂದು ಹಾಡುತ್ತಿದ್ದರು. ಹಾಡಿ ಮುಗಿಸಿ ಪ್ರಶ್ನೆ ಕೇಳುತ್ತಿದ್ದರು. 'ಲವ್'ಗೆ 'ಲವ್ಡ್' ಆದರೆ 'ಗೋ'ಗೆ 'ವೆಂಟ್' ಎಲ್ಲಿಂದ ಬಂತು? ಬಹುವಚನಕ್ಕೆ ಎಸ್ ಹಚ್ಚಬೇಕು ಎಂದವರು ನೀವೇ, ಹುಡುಗರು ಬಹಳ ಇದ್ದರೆ 'ಬಾಯ್ಸ್'. ಸರಿ. ಮತ್ತೆ ಅವರು ಬರುವಾಗ 'ಬಾಯ್ಸ್ ಕಮ್', ಒಬ್ಬನೇ ಬರುವಾಗ 'ಬಾಯ್ ಕಮ್ಸ್'. ಅತ್ತ ಇದ್ದ ಎಸ್ ಇತ್ತ ಹಾರಿತಲ್ಲ, ಇದಕ್ಕೇನು ಕಾರಣ? ಕಾರಣ ನನಗೂ ಗೊತ್ತಿರಲಿಲ್ಲ. ಅದು ಹಾಗೇ, ಕಲಿತುಕೊಳ್ಳಿ ಎಂದೆ.

'ಡಿಡ್' ಬಂದರೆ 'ವೆಂಟ್' ಮತ್ತೆ 'ಗೋ' ಆಗುತ್ತದೆ ಎಂದು ಹೇಳಿಕೊಟ್ಟ ದಿನ ಅವರಿಗೆ ಭಾರಿ ಖುಷಿಯಾಯಿತು. ಒಳಗಿದ್ದ ಹೆಂಡತಿಯನ್ನು ಕರೆದು ವಿವರಿಸಿದರು. "ಇಗಾ ಕಾಣ್, 'ಡಿಡ್' ಅಂದ್ರೆ ಆಳ್. ಆಳ್ ಬಂದ್ ಹೊರಿ ಹೊತ್ಕಂಡ. ಯಜಮಾನ್ರ್ ಅಂಗಿ ಬಿಚ್ಚಿಟ್ ಹಾಯಾಯಿ ಕೂಕಂಡ್ರ್. ಅಷ್ಟೇ ಗ್ರಾಮರ್!" ಮರುದಿನ ತರಗತಿಯಲ್ಲಿ ನಾನು ಅದನ್ನೇ ಹೇಳಿ ಪಾಠ ಮಾಡಿದೆ. ಮಕ್ಕಳಿಗೆ ಅವತ್ತು ತಿಳಿದಷ್ಟು ಚೆನ್ನಾಗಿ ಆ ಪಾಠ ಯಾವತ್ತೂ ತಿಳಿದಿರಲಿಲ್ಲ.

ಅವರಿಗೆ ನುಂಗಲಾಗದೆ ಉಳಿದದ್ದು ಎರಡು ಸಂಗತಿ. ಒಂದು, ಇಂಗ್ಲಿಷಿನ ಕ್ರಿಯಾಪದಕ್ಕೆ ಮರ್ಯಾದೆ ಗೊತ್ತಿಲ್ಲ ಎನ್ನುವುದು. "ಬಂದ, ಬಂದ್ಳ್, ಬಂದ್ರ್, ಬಂತ್. ನಮ್ದ್ ಕೇಂಡ್ರೆ ಸಾಕ್, ಬಂದದ್ ಯಾರ್ ಅಂದೇಳಿ ಗೊತ್ತಾತ್ತ್. ಇಲ್ಲ್ ಕಂಡ್ರೆ ದೇವ್ರಿಗೂ ಕೇಮ್, ನಾಯಿಗೂ ಕೇಮ್. ಎಂತ ಭಾಷಿ ಮಾರ್ರೆ ಇದ್!" ಇನ್ನೊಂದು, ಕ್ರಿಯಾಪದ ಇರುವ ಜಾಗ. ಕನ್ನಡದಲ್ಲಿ ಅದು ಕಡೆಗೆ ಬರುತ್ತದೆ. 'ಈ ಸಭೆಗೆ, ಇಷ್ಟು ದೂರದಿಂದ, ಒಬ್ಬನೇ, ಬರಿಗೈಯಲ್ಲಿ' ಎಂದು ಎಷ್ಟು ಬೇಕಾದರೂ ಎಳೆಯಬಹುದು, ಎದುರಿನವನನ್ನು ತುದಿಗಾಲಲ್ಲಿ ನಿಲ್ಲಿಸಬಹುದು, ಅಷ್ಟರಲ್ಲಿ ಮುಂದಿನ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಹುದು. ಅವರ ಕಸುಬೆಲ್ಲ ನಿಂತಿದ್ದದ್ದು ಅಲ್ಲಿ. ಇಂಗ್ಲಿಷಿನಲ್ಲಿ 'ಐ' ಎಂದ ಮರುಗಳಿಗೆಗೆ ಕ್ರಿಯಾಪದ ಬೇಕು. "ಉಸ್ರ್ ತೆಕಂಬುಕೂ ಜಾಗ ಇಲ್ಲ್ಯಲೆ ಟೀಚರ್" ಎಂದರು. ನಾನು ನಕ್ಕು, ಅಭ್ಯಾಸ ಆಗುತ್ತದೆ ಎಂದೆ.

ಮಾತನ್ನು ಪೂರ್ತಿ ನಾನೇ ಬರೆದುಕೊಡುತ್ತೇನೆ, ಬಾಯಿಪಾಠ ಮಾಡಿ ಎಂದು ಮೊದಲಿಗೆ ಹೇಳಿದ್ದೆ. ಅದಕ್ಕೆ ಅವರ ಮುಖ ಕೆಂಪಾಯಿತು. ಬರೆದುಕೊಟ್ಟದ್ದನ್ನು ಒಪ್ಪಿಸುವ ಜಾತಿಯವನಲ್ಲ ನಾನು ಎಂದರು. ಸರಿ, ಮಾತು ನಿಮ್ಮದೇ, ಕ್ರಿಯಾಪದ ಮಾತ್ರ ನನ್ನದು ಎಂದು ರಾಜಿಯಾದೆವು. ಅವರು ಎದ್ದು ನಿಂತು ದೂತನಾಗಿ ಮಾತಾಡುವುದು, ತಪ್ಪಿದಲ್ಲಿ ನಾನು ಬೆರಳೆತ್ತುವುದು, ಅವರು ನಿಲ್ಲಿಸಿ ಸರಿಪಡಿಸಿಕೊಂಡು ಮತ್ತೆ ಮೊದಲಿನಿಂದ ಹೇಳುವುದು. ಎದುರಿನವರ ಕಣ್ಣು, ಹುಬ್ಬು, ಕೈ ನೋಡುತ್ತಲೇ ಮಾತು ಹುಟ್ಟಿಸುವ ಮನುಷ್ಯ ಅವರು. ಅಂಥವರ ಎದುರಿಗೆ ದಿನಾ ಸಂಜೆ ಬೆರಳೆತ್ತಿ ಕೂತರೆ ಏನಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಬಿ.ಎಡ್. ಮಾಡಿದ ತಲೆಗೆ ಅಷ್ಟೂ ಹೊಳೆಯಲಿಲ್ಲ!

ಕೆಲವು ವಾರ ಕಳೆಯುವಷ್ಟರಲ್ಲಿ ತಪ್ಪುಗಳು ಕಡಿಮೆಯಾದವು. ಮಾತೂ ಕಡಿಮೆಯಾಯಿತು. 'ಐ' ಎಂದ ಮೇಲೆ ಒಂದು ಕ್ಷಣ ನಿಂತು, ನನ್ನ ಕೈ ನೋಡಿ, ಮತ್ತೆ ಮುಂದೆ ಹೋಗುತ್ತಿದ್ದರು. ಬೇಲಿಯ ಆಚೆಯಿಂದ ಕೂಗುವುದು ಯಾವಾಗ ನಿಂತಿತೋ ನನಗೆ ಗಮನವಿಲ್ಲ. ಅವರ ಹೆಂಡತಿ ಒಮ್ಮೆ ಹೂ ಕೊಯ್ಯುತ್ತ, "ಇವ್ರ್ ಈಗೀಗ ಮಗು ಹತ್ರವೂ ಮಾತಾಡುದ್ ಕಮ್ಮಿ ಟೀಚರ್. ಎಂತಕೋ ಏನೋ" ಎಂದರು. "ಯೋಚನೆ ಮಾಡಿ ಮಾತಾಡುತ್ತಿದ್ದಾರೆ ಅಮ್ಮ, ಒಳ್ಳೆಯದೇ" ಎಂದೆ. ಹೇಳುವಾಗ ನನಗೆ ಹೆಮ್ಮೆಯೇ ಇತ್ತು.

ವಾರ್ಷಿಕೋತ್ಸವದ ಸಂಜೆ ಮೈದಾನ ತುಂಬಿತ್ತು. ಬಣ್ಣದ ಕೋಣೆಯಲ್ಲಿ ನೆಲಕ್ಕೆ ಕೂತು, ಸಣ್ಣ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಹಳದಿ ಹಚ್ಚಿಕೊಳ್ಳುತ್ತಿದ್ದ ಅಜ್ಜಯ್ಯನನ್ನು ಬಾಗಿಲಿಂದಲೇ ನೋಡಿದೆ. ಒಳಗೆ ಎಣ್ಣೆಯ ಆ ವಾಸನೆ. ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಹತ್ತಿರ ಹೋಗಿ ಕೇಳಿದರೆ 'ಕಮ್ ಕೇಮ್ ಕಮ್, ಗಿವ್ ಗೇವ್ ಗಿವನ್.'

ಟೀಚರುಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಹಿಂದೆ ತರಗತಿವಾರು ಮಕ್ಕಳು. ದೂತನ ಪ್ರವೇಶವಾದಾಗ ಚಂಡೆಯ ಪೆಟ್ಟಿಗೆ ಮೊಣಕಾಲಿನ ನೋವೆಲ್ಲ ಎಲ್ಲಿ ಹೋಯಿತೋ, ಅಜ್ಜಯ್ಯ ಇಡೀ ರಂಗಸ್ಥಳ ಸುತ್ತಿ ಬಂದರು. ಮಕ್ಕಳು ಸಿಳ್ಳೆ ಹಾಕಿದರು. ಸಭೆಗೆ ನಮಸ್ಕಾರ, ರಾಜನ ಹೊಗಳಿಕೆ, ಎಲ್ಲ ಸರಿಯಾಗಿ ಆಯಿತು. ಒಂದು ಕ್ರಿಯಾಪದವೂ ತಪ್ಪಲಿಲ್ಲ. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಆಮೇಲೆ ರಾಜ ಸಿಂಹಾಸನದಿಂದ ಕೇಳಿದ, ನೀನು ಇಲ್ಲಿಗೆ ಬಂದದ್ದೇಕೆ ಎಂದು. ಚಂಡೆ ನಿಂತಿತು. ಅಜ್ಜಯ್ಯ ಮುಂದೆ ಬಂದು ಕೈ ಎತ್ತಿ "ಐ..." ಎಂದರು.

ಅವರು ರಾಜನನ್ನು ನೋಡಬೇಕಿತ್ತು. ನನ್ನನ್ನು ನೋಡಿದರು. ನನ್ನ ಬೆರಳು ಎದ್ದಿತ್ತು. ಅವರು ಇನ್ನೂ ಎಲ್ಲೂ ತಪ್ಪಿರಲಿಲ್ಲ. ತಪ್ಪಿಯಾರು ಎಂಬ ಭಯಕ್ಕೇ ಅದು ಎದ್ದು ನಿಂತಿತ್ತು, ನನ್ನ ಮಡಿಲ ಮೇಲೆ, ಬೆಳಕಿನಲ್ಲಿ. ಕೆಳಗಿಳಿಸಿದೆ. ಅಷ್ಟರಲ್ಲಿ ಅವರು ಕಂಡಾಗಿತ್ತು.

"ಐ..." ಎಂದರು ಮತ್ತೊಮ್ಮೆ. ಮುಂದೆ ಬರಲಿಲ್ಲ.

ವೇಷಧಾರಿ ತಡವರಿಸಿದರೆ ಭಾಗವತರು ಪದ್ಯವನ್ನು ಇನ್ನೊಮ್ಮೆ ಎತ್ತಿಕೊಂಡು ಕಾಪಾಡುವ ಕ್ರಮವಿದೆ. ಅವರು ಎತ್ತಿಕೊಂಡರು. ಪದ್ಯ ಮುಗಿಯಿತು. ಅಜ್ಜಯ್ಯ ಎತ್ತಿದ ಕೈ ಎತ್ತಿದ ಹಾಗೇ ನಿಂತಿದ್ದರು. ಭಾಗವತರು ಮತ್ತೆ ಎತ್ತಿಕೊಂಡರು. ಕಡೆಗೆ ಬ್ಯಾಂಕಿನ ಹುಡುಗ ಜಾಣತನದಿಂದ, ಸಂಧಾನ ಬೇಡಲು ಬಂದಿರಬೇಕು ನೀನು, ನಾಚಿಕೆಯಿಂದ ಬಾಯಿ ಕಟ್ಟಿದೆ ಎಂದು ಗಹಗಹಿಸಿ ನಕ್ಕು ಕಥೆಯನ್ನು ಮುಂದಕ್ಕೆ ಒಯ್ದ. ಜನ ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗವೆಂದು ಎಷ್ಟೋ ಜನ ತಿಳಿದರು. ಉಳಿದದ್ದಕ್ಕೆಲ್ಲ ಅಜ್ಜಯ್ಯ ತಲೆಯಾಡಿಸಿದರು, ಅಷ್ಟೆ.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಅವರು ಕಿರೀಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದರು. ಬೈದರೆ ಕೇಳಿಕೊಳ್ಳಬೇಕು ಎಂದುಕೊಂಡೇ ಹೋಗಿದ್ದೆ.

"ತಪ್ಪೆಂತೂ ಆಯ್ಲಿಲ್ಲ ಅಲ್ದಾ ಟೀಚರ್?" ಎಂದರು.

ಅದರಲ್ಲಿ ಕುಹಕವಿತ್ತೇ, ನಿಜವಾಗಿ ಕೇಳಿದ್ದೇ... ಇವತ್ತಿಗೂ ನನಗೆ ತಿಳಿಯದು. "ಇಲ್ಲ ಅಜ್ಜಯ್ಯ" ಎಂದೆ. ಮೊಮ್ಮಗಳು ಅಲ್ಲೇ ಬಾಗಿಲ ಬಳಿ ನಿಂತು ಅವರನ್ನೇ ನೋಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ವಯಸ್ಸಾಯಿತು, ಮರೆವು ಎಂದರು ಊರಿನವರು. ಅಜ್ಜಯ್ಯನೂ ಕೇಳಿದವರಿಗೆಲ್ಲ ಹಾಗೇ ಹೇಳಿದರು. ಮನೆಯವರಂತೂ ನಾನು ಪಟ್ಟ ಶ್ರಮವನ್ನು ಮೆಚ್ಚಿ, ಹೋಟೆಲಿನಿಂದ ಮೈಸೂರುಪಾಕು ಕಳಿಸಿದರು. ಆ ಪೊಟ್ಟಣವನ್ನು ಕೆಲಸದವಳಿಗೆ ಕೊಟ್ಟುಬಿಟ್ಟೆ.

ಇಂಗ್ಲಿಷಿನಲ್ಲಿ ಮಾತು ನಿಂತದ್ದು ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಆ ಬೇಸಿಗೆಯಲ್ಲಿ ಕೊಕ್ಕರ್ಣೆಯಲ್ಲಿ ಒಂದು ತಾಳಮದ್ದಲೆ ಇತ್ತು. ಅವರ ಕನ್ನಡ ಕೇಳಿದರೆ ನನ್ನ ಮನಸ್ಸು ಹಗುರಾದೀತು ಎಂಬ ಆಸೆಯಿಂದ ಗಂಡನನ್ನು ಎಬ್ಬಿಸಿಕೊಂಡು ಹೋದೆ. ಅಜ್ಜಯ್ಯ ಎಂದಿನಂತೆ ಶುರು ಮಾಡಿದರು. ವಾಕ್ಯ ಬೆಳೆಯಿತು, ಸುತ್ತಿತು, ಏರಿತು, ಇನ್ನೇನು ಕ್ರಿಯಾಪದ ಬಿದ್ದು ಸಭೆ ಚಪ್ಪಾಳೆ ತಟ್ಟಬೇಕು ಎನ್ನುವಲ್ಲಿ ನಿಂತಿತು. ಅವರು ಬಾಯಿ ತೆರೆದು ಹುಡುಕುತ್ತಿದ್ದರು. 'ಬಂದೆ' ಎಂಬ ಒಂದು ಮಾತು! ಹುಟ್ಟಿದಾರಭ್ಯ ಆಡಿದ ಮಾತು! ಎದುರಿನ ಅರ್ಥಧಾರಿ ಗೌರವದಿಂದ ತಾವೇ ಅದನ್ನು ಪೂರ್ತಿ ಮಾಡಿಕೊಟ್ಟರು. ನಾನು ಚಪ್ಪಲಿ ಹುಡುಕಿಕೊಂಡು ಎದ್ದು ಬಂದೆ.

ಮರುದಿನ ಬೇಲಿಯ ಹತ್ತಿರ ಅವರೇ ಬಂದರು. ನಗುತ್ತ ಹೇಳಿದರು. "ಎಂತ ಮಾಡುದ್ ಟೀಚರ್. ಈಗ ಕನ್ನಡ ಆಡುಕ್ ಹೊರ್ಟ್ರೂ ಕಡೀ ಮಾತಿನ್ ಹತ್ರ ನಿಮ್ ಬೆರಳ್ ಕಾಂತ್."

ನಾನೂ ನಕ್ಕೆ. "ಎಂತ ಅಜ್ಜಯ್ಯ, ತಮಾಷೆ ಮಾಡ್ತ್ರಿ" ಎಂದೆ. ಆ ಹೊತ್ತಿಗೆ ಕಾಲು ಹಿಡಿದುಕೊಂಡು ತಪ್ಪಾಯಿತು ಎಂದಿದ್ದರೆ, ನೀವು ಹೇಗೆ ಆಡಿದರೂ ಚೆಂದವೇ ಅಜ್ಜಯ್ಯ ಎಂದಿದ್ದರೆ, ಗುಣವಾಗುತ್ತಿತ್ತೋ ಇಲ್ಲವೋ... ಹೇಳಲಿಲ್ಲವಲ್ಲ. ಆಮೇಲೆ ಅವರು ಅರ್ಥ ಹೇಳಲು ಹೋದದ್ದನ್ನು ನಾನು ಕಾಣೆ. ಕರೆಯಲು ಬಂದವರಿಗೆ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟು, ಮೊಣಕಾಲು ತೋರಿಸಿ ಕಳಿಸುತ್ತಿದ್ದರಂತೆ. ಮೀನಿನ ಹೆಂಗಸು ಹೇಳಿದ ಕ್ರಯಕ್ಕೆ ಕೊಂಡುಕೊಂಡು ಒಳಗೆ ಹೋಗುತ್ತಿದ್ದರು.

ನಾವು ಕುಂದಾಪುರದಲ್ಲಿ ಸ್ವಂತ ಮನೆ ಮಾಡಿಕೊಂಡು ಹೊರಟೆವು. ನಾನು ಶಾಲೆಯನ್ನೂ ಬದಲಾಯಿಸಿದೆ. ಕೋಟೇಶ್ವರ ಎಷ್ಟು ದೂರ? ಬಸ್ಸು ಹತ್ತಿದರೆ ಬಂತು. ಆದರೂ ಹೋಗದಿರಲು ನನಗೆ ಯಾವಾಗಲೂ ಕಾರಣ ಸಿಗುತ್ತಿತ್ತು. ಒಮ್ಮೆ ಕುಂದಾಪುರದ ಬಸ್‌ಸ್ಟಾಪಿನಲ್ಲಿ ಅಜ್ಜಯ್ಯ ನಿಂತದ್ದು ಕಂಡಿತು. ಬಡಕಲಾಗಿದ್ದರು. ನನ್ನ ಕಡೆ ಕೈ ಎತ್ತಿದರು ಎಂದು ಕಾಣುತ್ತದೆ. ನಾನು ಪಕ್ಕದ ಬಟ್ಟೆ ಅಂಗಡಿಗೆ ನುಗ್ಗಿ, ಬೇಡದ ಸೀರೆಗಳನ್ನು ಬಿಚ್ಚಿಸುತ್ತ ನಿಂತೆ. ಬಸ್ಸು ಹೋದ ಮೇಲೆ ಹೊರಗೆ ಬಂದೆ.

ಈ ಮಳೆಗಾಲ ಶುರುವಾಗುವಾಗ ಅವರು ತೀರಿಹೋದರು. ಉತ್ತರಕ್ರಿಯೆಯ ದಿನದ ಬೊಜ್ಜದ ಊಟಕ್ಕೆ ಹೇಳಿಕೆ ಬಂದಿತ್ತು. ನನಗೆ ಜ್ವರ ಎಂದೆ. ಗಂಡ ಹೋಗಿ ಬಂದರು. ನಿನ್ನನ್ನು ಎಲ್ಲರೂ ಕೇಳಿದರು, ಅಜ್ಜಯ್ಯನಿಗೆ ಇಂಗ್ಲಿಷ್ ಕಲಿಸಿದ ಟೀಚರು ಎಂದು ಈಗಲೂ ನೆನೆಯುತ್ತಾರೆ ಎಂದರು. ಆ ಮಾತಿಗೆ ನಿಜವಾಗಿ ಮೈ ಬಿಸಿಯಾಯಿತು.

ಶಾಲೆಯಲ್ಲಿ ಆ ವಾಸನೆ ಬಂದ ಮೇಲೆ ಮತ್ತೆ ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಒಂದಿಷ್ಟು ಹಣ್ಣು ಹಿಡಿದುಕೊಂಡು ಹೋದೆ. ಮಗ, ಸೊಸೆ ಹೆಮ್ಮಾಡಿಯ ಹೋಟೆಲಿಗೆ ಹೋಗಿದ್ದರು. ಅಜ್ಜಯ್ಯನ ಹೆಂಡತಿ ಒಳಗೆ ಮಲಗಿದ್ದರು. ಬಾಗಿಲು ತೆರೆದವಳು ಮೊಮ್ಮಗಳು. ಈಗ ಕಾಲೇಜು ಹುಡುಗಿ. "ಅಯ್ಯೋ ಮಿಸ್, ಬನ್ನಿ, ಕೂಕಣಿ" ಎಂದಳು ಅಪ್ಪಟ ಕುಂದಾಪುರದ ಕನ್ನಡದಲ್ಲಿ. ಅದೇ ಜಗಲಿ. ಮಣೆ ಇರಲಿಲ್ಲ. ಗೋಡೆಯ ಮೇಲೆ ಅಜ್ಜಯ್ಯ, ಕೊರಳಿಗೆ ಗಂಧದ ಮಾಲೆ.

ಅದು ಇದು ಮಾತಾದ ಮೇಲೆ ಹುಡುಗಿ ತಾನಾಗಿ ಕೇಳಿದಳು. "ಮಿಸ್, ಅವತ್ತ್ ಶಾಲೀಲ್ ಅಜ್ಜಯ್ಯ 'ಐ' ಅಂದೇಳಿ ನಿಂತ್ರಲೆ. ಅಲ್ಲ್ ಎಂತ ಹೇಳ್ಕಾಯಿತ್ತ್?"

ನನಗೆ ಆ ಸಾಲು ಚೆನ್ನಾಗಿ ನೆನಪಿತ್ತು. ನಾನೇ ತಿದ್ದಿ ನಿಲ್ಲಿಸಿದ್ದಲ್ಲವೇ? "ಐ ಹ್ಯಾವ್ ಕಮ್ ಟು ಆಸ್ಕ್ ಫಾರ್ ಪೀಸ್" ಎಂದೆ.

ಅವಳು ತಲೆಯಾಡಿಸಿದಳು. "ಇಲ್ಲ ಮಿಸ್. ಮನೀಲ್ ನಂಗ್ ಹೇಳುವಾಗ ಅದ್ ಬೇರೆ ಇತ್ತ್. ನೀವ್ ಪಾಠ ಶುರು ಮಾಡುಕೂ ಮೊದ್ಲ್, ರಾತ್ರಿ ಊಟ ಆದ್ಕೂಡ್ಲೆ ನನ್ನ ಕೂರ್ಸ್ಕಂಡ್ ಹೇಳ್ತಿದ್ರ್. ನಾನ್ ರಾಜ ಆಯ್ಕಿತ್ತ್." ಎಂದವಳು ಎದ್ದು ನಿಂತಳು. ಒಂದು ಕೈ ಎತ್ತಿದಳು. ಸೊಂಟ ಕೊಂಚ ವಾರೆಯಾಯಿತು, ಗದ್ದ ಮೇಲೆದ್ದಿತು. ಅಜ್ಜಯ್ಯನ ನಿಲುವು ಅದು, ಹಾಗೆಯೇ. ನಿಧಾನವಾಗಿ, ಎಲ್ಲಿಯೂ ತಡೆಯದೆ ಹೇಳಿದಳು.

"ಐ ಕಮಿಂಗ್ ಲಾಂಗ್ ರೋಡ್, ಕಿಂಗ್. ನೋ ಸೋಲ್ಜರ್ ಬ್ರಿಂಗಿಂಗ್. ಓನ್ಲಿ ಲಿಟಲ್ ಪ್ಲೇಸ್ ಆಸ್ಕಿಂಗ್. ಯು ನೋ ಗಿವಿಂಗ್... ಟುಮಾರೋ ಆಲ್ ಮದರ್ ಕ್ರೈಯಿಂಗ್. ಯುವರ್ ಮದರ್ ಆಲ್ಸೋ ಕ್ರೈಯಿಂಗ್."

ಹೇಳಿ ಮುಗಿಸಿ ಕೈ ಇಳಿಸಿದಳು.

"ಅಲ್ಲಿಗ್ ಬಪ್ಪೊತ್ತಿಗೆ ನಾನ್ ದಿನಾ ಅಳ್ತಿದ್ದೆ ಮಿಸ್" ಎಂದಳು. "ಅವತ್ತ್ ನನ್ ಕ್ಲಾಸಿನವ್ರಿಗೆಲ್ಲ ಮೊದ್ಲೇ ಹೇಳಿಟ್ಟಿದ್ದೆ. ಈಗ ಕಾಣಿ, ನಮ್ಮಜ್ಜಯ್ಯ ನಿಮ್ಮನ್ನೆಲ್ಲ ಅಳ್ಸ್ತ್ರ್ ಅಂದೇಳಿ."

ಚಾ ತರುತ್ತೇನೆಂದು ಅವಳು ಒಳಗೆ ಹೋದಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಅಜ್ಜಯ್ಯ ಅಳಿಸಬೇಕೆಂದಿದ್ದದ್ದು ಮೈದಾನ ತುಂಬ ಕೂತಿದ್ದ ಆ ಮಕ್ಕಳನ್ನು. ಇಷ್ಟು ವರ್ಷ ತಡವಾಗಿ, ಅವರಿಲ್ಲದ ಜಗಲಿಯಲ್ಲಿ, ಕೂತು ಅತ್ತವಳು ನಾನೊಬ್ಬಳೇ.